ಪದಕ್ಕೆ ಪೈಸೆ, ಕನ್ನಡಕ್ಕೆ ನಾಮ!

ಕನ್ನಡದ ಯುವಕ ಯುವತಿಯರೇ,

ನಿಮ್ಮನ್ನೇ ಕೇಳುತ್ತಿದ್ದೇವೆ. ವಿಜಯನಗರದ ಬಾಡಿಗೆ ಕೋಣೆಯಲ್ಲೋ, ಮೈಸೂರಿನ ಅಪ್ಪನ ಮನೆಯ ಮಹಡಿಯಲ್ಲೋ ಕೂತು, ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಕುಟ್ಟಿ ಕನ್ನಡದಲ್ಲಿ ಬರೆದು ಕಳಿಸುತ್ತೀರಲ್ಲ, ಆ ಬರಹಕ್ಕೆ ನಿಮ್ಮ ಹೆಸರಿದೆಯೇ? ಅದಕ್ಕೆ ಬೆಲೆ ಕಟ್ಟಿದವರು ಯಾರು? ದುಡ್ಡು ಯಾವ ದಿನ ಕೈಸೇರುತ್ತದೆಂದು ಬರೆದುಕೊಟ್ಟ ಕಾಗದ ಇದೆಯೇ? ನಿಮ್ಮಲ್ಲಿ ಎಷ್ಟು ಜನ ಹೌದು ಎನ್ನಬಲ್ಲಿರಿ? ಆದರೂ ನಿಮಗೊಂದು ಬಿರುದು ಕೊಟ್ಟಿದ್ದಾರೆ: ಫ್ರೀಲ್ಯಾನ್ಸ್ ಬರಹಗಾರ! ಫ್ರೀ ಎಂದರೆ ಸ್ವತಂತ್ರ ಎಂದು ನೀವು ತಿಳಿದಿದ್ದೀರಿ. ಫ್ರೀ ಎಂದರೆ ಪುಕ್ಕಟೆ ಎಂದು ಅವರು ತಿಳಿದಿದ್ದಾರೆ.

1986ರಲ್ಲಿ ಸರೋಜಿನಿ ಮಹಿಷಿ ವರದಿ ಬಂದಾಗ ಪ್ರಶ್ನೆ ಕಾರ್ಖಾನೆಯದಾಗಿತ್ತು. ಒಳಗೆ ಕನ್ನಡಿಗನಿಗೆ ಎಷ್ಟು ಕೆಲಸ ಎಂದು ಗೇಟಿನ ಮುಂದೆ ನಿಂತು ಕೇಳಬಹುದಿತ್ತು. ಇಂದಿನ ಕಾರ್ಖಾನೆಗೆ ಗೇಟೇ ಇಲ್ಲ. ನಿಮ್ಮ ಕೋಣೆಯೇ ಕಾರ್ಖಾನೆ. ಕರೆಂಟ್ ಬಿಲ್ಲು ನಿಮ್ಮದು, ಇಂಟರ್‌ನೆಟ್ ನಿಮ್ಮದು, ಬೆನ್ನುನೋವು ನಿಮ್ಮದು. ಲಾಭ ಮಾತ್ರ ಅವರದು. ಪಕ್ಕದ ಕೋಣೆಯ ಕೂಲಿಕಾರ ಯಾರೆಂದೂ ನಿಮಗೆ ಗೊತ್ತಿಲ್ಲ. ಅವರಿಗೆ ಬೇಕಾದದ್ದೂ ಅದೇ!

ಈಗ ಲೆಕ್ಕದ ಮೋಸ ನೋಡಿ. ಕೂಲಿ ಪದಕ್ಕಿಷ್ಟು ಎಂದು. ಇಂಗ್ಲಿಷಿನಲ್ಲಿ 'ಅಟ್ ಲೀಸ್ಟ್ ಟು ದ ಪೀಪಲ್ ಆಫ್ ಅವರ್ ಟೌನ್' ಎಂದರೆ ಎಂಟು ಪದ. ಅದನ್ನೇ ನೀವು 'ನಮ್ಮೂರಿನವರಿಗಾದರೂ' ಎನ್ನುತ್ತೀರಿ. ಒಂದೇ ಪದ! ಪದಕ್ಕೆ 50 ಪೈಸೆ ಎಂದಿಟ್ಟುಕೊಂಡರೆ ಇಂಗ್ಲಿಷಿನವನಿಗೆ 4 ರೂಪಾಯಿ, ನಿಮಗೆ 50 ಪೈಸೆ. ಪ್ರತ್ಯಯಗಳನ್ನೆಲ್ಲ ಒಡಲೊಳಗೆ ಇಟ್ಟುಕೊಳ್ಳುವುದು ನಮ್ಮ ನುಡಿಯ ಸೊಗಸು. ಆ ಸೊಗಸಿಗೇ ದಂಡ ಹಾಕುವ ತಕ್ಕಡಿ ಇದು. ಚೆನ್ನಾಗಿ ಬಿಗಿಯಾಗಿ ಬರೆದವನಿಗೆ ಕಡಿಮೆ ಕಾಸು; 'ಮಾಡಲಾಗುತ್ತಿರುವಂತಹ ಒಂದು ವಿಷಯವಾಗಿದೆ' ಎಂದು ಎಳೆದವನಿಗೆ ಹೆಚ್ಚು ಕಾಸು. ಕನ್ನಡ ಕೆಡುತ್ತಿದೆ ಎಂದು ಗೋಳಾಡುವ ಮಹನೀಯರೇ, ಕೆಡಿಸುವ ದರಪಟ್ಟಿಯನ್ನು ಎಂದಾದರೂ ನೋಡಿದ್ದೀರಾ?

ಇದರ ಮೇಲೆ ಹೊಸ ರಾಗ ಬೇರೆ. ಗೂಗಲ್ಲಿನ ಕನ್ನಡ ಅನುವಾದ 2011ರಲ್ಲಿ ಬಂತು, ಚಾಟ್‌ಜಿಪಿಟಿ 2022ರ ಕೊನೆಗೆ ಬಂತು. 'ಯಂತ್ರ ಬರೆದಿದೆ, ನೀವು ಸುಮ್ಮನೆ ತಿದ್ದಿಕೊಡಿ, ಅರ್ಧ ದರ' ಎನ್ನುತ್ತಾರೆ. ತಿದ್ದಲು ಕೂತರೆ ಅರ್ಧಕ್ಕರ್ಧ ಮತ್ತೆ ಬರೆಯಬೇಕು. ಶ್ರಮ ಇಡಿಯಾಗಿ ನಿಮ್ಮದು, ಕೂಲಿ ಅರ್ಧ! 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ. ಅಷ್ಟು ಜನಕ್ಕೆ ಸಾಲ, ಸೋಪು, ವಿಮೆ ಮಾರಲು ಇವರಿಗೆ ಕನ್ನಡ ಬೇಕು. ಕನ್ನಡ ಬರೆಯುವವನ ಹೊಟ್ಟೆ ಮಾತ್ರ ಬೇಡ.

'ಇಷ್ಟಾದರೂ ಸಿಗುತ್ತಿದೆಯಲ್ಲ' ಎನ್ನುತ್ತೀರಿ. ನಿಜ, ಮನೆಯಲ್ಲಿ ಕೂತು ಬರೆಯುವುದು ತಪ್ಪಲ್ಲ. ಮಗುವನ್ನು ಸಾಕುತ್ತಾ ನಾಲ್ಕು ಕಾಸು ದುಡಿಯುವ ಅಕ್ಕನಿಗೆ, ಊರು ಬಿಡಲಾಗದ ತಮ್ಮನಿಗೆ ಅದೇ ಆಸರೆ. ಆದ್ದರಿಂದಲೇ ಹೇಳುತ್ತಿದ್ದೇವೆ: ಕೆಲಸ ಬಿಡಬೇಡಿ, ಹಕ್ಕನ್ನೂ ಬಿಡಬೇಡಿ. ಕಾನೂನು ನಿಮ್ಮ ಕಡೆಗಿದೆ, ಓದಿಕೊಳ್ಳಿ.

ಒಂದು: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೌಕರನಲ್ಲದೆ ಸ್ವಂತವಾಗಿ ಬರೆದವನೇ ಬರಹದ ಮೊದಲ ಒಡೆಯ. ಹಕ್ಕು ಕೈಬದಲಾಗಬೇಕಾದರೆ ಲಿಖಿತ ಒಪ್ಪಂದ, ಸಹಿ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ. ಕಣ್ಣುಮುಚ್ಚಿ ಸಹಿ ಹಾಕಬೇಡಿ!

ಎರಡು: ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಆಮೇಲೆ ಮಾಡಿಕೊಟ್ಟ ಕೆಲಸಕ್ಕೆ 2006ರ ಸಣ್ಣ ಉದ್ಯಮಗಳ ಕಾಯ್ದೆ ಅನ್ವಯಿಸುತ್ತದೆ. ಒಪ್ಪಂದ ಏನೇ ಹೇಳಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ!

ಮೂರು: ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಬರೀ ಊಟ ತಲುಪಿಸುವ ಹುಡುಗರಿಗಲ್ಲ. ಅದರ ಅನುಸೂಚಿಯಲ್ಲಿ 'ಕಂಟೆಂಟ್ ಮತ್ತು ಮಾಧ್ಯಮ ಸೇವೆ' ಕೂಡ ಇದೆ. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. 'ನಾವು ಪ್ಲಾಟ್‌ಫಾರ್ಮ್ ಅಲ್ಲ' ಎಂದು ಜಾರಿಕೊಳ್ಳುವವರನ್ನು ಕಾರ್ಮಿಕ ಇಲಾಖೆ ಒಳಗೆ ತರಬೇಕು. ಬರೆಯುವವರು ಕೇಳದಿದ್ದರೆ ಇಲಾಖೆ ಮಿಸುಕುವುದಿಲ್ಲ.

ಕಾನೂನು ಎಷ್ಟಿದ್ದರೇನು? ನೀವು ಒಂದು ರೂಪಾಯಿ ಕೇಳಿದಾಗ ಇನ್ನೊಬ್ಬ ಕನ್ನಡಿಗ 30 ಪೈಸೆಗೆ ಒಪ್ಪಿಕೊಂಡರೆ ಮುಗಿಯಿತು. ನಮ್ಮ ಕೂಲಿ ಇಳಿಸುತ್ತಿರುವವರಲ್ಲಿ ನಾವೂ ಇದ್ದೇವೆ. ಕಂಪನಿಯ ಯಜಮಾನನೂ ಕನ್ನಡಿಗನೇ ಇರಬಹುದು. ರಾಜ್ಯೋತ್ಸವದ ದಿನ ಬಾವುಟ ಹಾರಿಸಿದ ಮಾತ್ರಕ್ಕೆ ಬಾಕಿ ಮನ್ನಾ ಆಗುವುದಿಲ್ಲ.

ಹಾಗಾಗಿ ಗೆಳೆಯರೇ, ಇಂದೇ ನಿಮ್ಮ ಊರಿನ ನಾಲ್ವರು ಬರಹಗಾರರನ್ನು ಹುಡುಕಿ. ದರ ಎಷ್ಟೆಂದು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಳ್ಳಿ. ಅನುವಾದವಾದರೆ ಮೂಲ ಇಂಗ್ಲಿಷಿನ ಪದಗಳ ಲೆಕ್ಕ, ಸ್ವಂತ ಬರಹವಾದರೆ ಅಕ್ಷರಗಳ ಲೆಕ್ಕ ಎಂದು ಒಟ್ಟಾಗಿ ಪಟ್ಟು ಹಿಡಿಯಿರಿ. ಒಬ್ಬನ ಮೇಲ್‌ಗೆ ಉತ್ತರ ಬರುವುದಿಲ್ಲ. ನಲವತ್ತು ಜನರ ಮೇಲ್ ಒಂದೇ ದಿನ ಹೋದರೆ ಫೋನೇ ಬರುತ್ತದೆ!

ಕನ್ನಡ ಅನ್ನದ ಭಾಷೆಯಾಗಬೇಕೆಂದು ವೇದಿಕೆಗಳಲ್ಲಿ ಕೂಗಿದ್ದು ಸಾಕು. ಅನ್ನಕ್ಕೆ ದರ ಕಟ್ಟುವವರು ನಾವಾಗೋಣ.