ಕಿಟಕಿಯ ಬಿನ್ನಾಣಕ್ಕೆ ಬೆಲೆ ತೆರುವವರು ಯಾರು?

ಸೇವೆಯಿಂದ ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘದ ನಿರ್ದೇಶಕರಲ್ಲಿ ಒಬ್ಬನಾಗಿದ್ದೇನೆ. 2022ರಲ್ಲಿ ಸಂಘದ ಲೆಕ್ಕಪತ್ರಗಳಿಗೆಂದು ಹೊಸ ತಂತ್ರಾಂಶವೊಂದನ್ನು ಕೊಂಡೆವು. ಎರಡೇ ತಿಂಗಳಲ್ಲಿ ಸದಸ್ಯರಿಂದ ದೂರುಗಳು ಬರತೊಡಗಿದವು. ತಿಂಗಳ ಮೊದಲ ವಾರ ಕಂತು ಕಟ್ಟಲು ನಿಂತವರ ಸಾಲು ಕರಗುವುದೇ ಇಲ್ಲ, ಕೌಂಟರಿನಲ್ಲಿರುವಾಕೆ ಬಲು ನಿಧಾನ ಎಂಬುದು ಅವುಗಳ ಸಾರ. ಮೂವತ್ತು ವರ್ಷಕ್ಕೂ ಮೀರಿ ಕಡತಗಳ ಮೇಲೆ ಷರಾ ಬರೆದ ಕೈ ಸುಮ್ಮನಿರುತ್ತದೆಯೇ? ‘ಕಾರ್ಯವೈಖರಿಯನ್ನು ಸುಧಾರಿಸಿಕೊಳ್ಳತಕ್ಕದ್ದು’ ಎಂದು ಆಕೆಗೆ ಲಿಖಿತ ಸೂಚನೆ ಕೊಡುವ ನಿರ್ಣಯದ ಕರಡನ್ನು ನಾನೇ ಬರೆದೆ. ಆ ಸೂಚನೆ ತಪ್ಪಾಗಿತ್ತು. ತಪ್ಪು ಎಲ್ಲಿದೆಯೆಂದು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು.

ಆ ತಂತ್ರಾಂಶದಲ್ಲಿ ಯಾವ ವಿಂಡೋ, ಅಂದರೆ ಪರದೆಯ ಮೇಲಿನ ಯಾವ ಕಿಟಕಿಯೂ, ನೇರವಾಗಿ ತೆರೆದುಕೊಳ್ಳುತ್ತಿರಲಿಲ್ಲ. ಗಾಳಿಗೆ ಬಿಟ್ಟ ಪಂಚೆಯಂತೆ ಮೇಲಿನಿಂದ ಬಳುಕುತ್ತ ಇಳಿದು, ಎರಡು ಬಾರಿ ಕುಲುಕಿ, ಅನಂತರ ನಿಲ್ಲುತ್ತಿತ್ತು. ಪ್ರಾತ್ಯಕ್ಷಿಕೆಯ ದಿನ ನಾವು ನಿರ್ದೇಶಕರೆಲ್ಲ ಅದನ್ನು ಕಂಡು ತಲೆದೂಗಿದ್ದೆವು. ಸರಬರಾಜುದಾರರು ತಂದಿದ್ದ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದು ಸೊಗಸಾಗಿಯೇ ಇತ್ತು. ಕೌಂಟರಿನ ಮೇಲಿದ್ದುದು ಹತ್ತು ವರ್ಷ ಹಳೆಯ ಯಂತ್ರ.

ಅಕ್ಕನ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ದಿನ ಯಾವುದೋ ಕೆಲಸಕ್ಕೆ ನನ್ನೊಡನೆ ಸಂಘದ ಕಚೇರಿಗೆ ಬಂದವಳು ಸಾಲಿನ ಪಕ್ಕದಲ್ಲಿ ನಿಂತು ಆ ಪರದೆಯನ್ನೇ ದಿಟ್ಟಿಸಿದಳು. ಮೊಬೈಲಿನಲ್ಲಿ ಸಮಯ ಅಳೆದಳು. ‘ತಾತ, ಈ ಕುಣಿತ ಬರೆದವರು ಗಡಿಯಾರ ನೋಡಿಲ್ಲ’ ಎಂದಳು. ಮನೆಗೆ ಬಂದ ಮೇಲೆ ಅವಳು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಪರದೆಯ ಮೇಲಿನ ಚಲನೆಯೂ ಸಿನಿಮಾದಂತೆ ಬಿಡಿ ಚಿತ್ರಗಳ ಸರಣಿ. ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳು. ಒಂದೊಂದನ್ನು ಬಿಡಿಸಲು ಯಂತ್ರಕ್ಕೆ ದೊರೆಯುವುದು ಸುಮಾರು 16.7 ಮಿಲಿಸೆಕೆಂಡ್. ಬಳುಕುವ ವಿಂಡೋ ಬೇಕೆಂದರೆ ಅದರ ಚಿತ್ರವನ್ನು ಮೊದಲು ಮೆಮೊರಿಯಲ್ಲೇ ಬಿಡಿಸಿಟ್ಟುಕೊಂಡು, ಅದರ ಮೇಲೆ ಕಾಣದ ಬಲೆಯೊಂದನ್ನು ಹಾಸಬೇಕು. ಬಲೆಯ ಗಂಟುಗಳನ್ನು ಸ್ಪ್ರಿಂಗುಗಳಿಂದ ಪರಸ್ಪರ ಬಿಗಿದ ಗುಂಡುಗಳೆಂದು ಭಾವಿಸಿ, ಒಂದನ್ನು ಎಳೆದರೆ ಉಳಿದವು ಎಷ್ಟು ಜಗ್ಗುತ್ತವೆಂದು ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು. ಪಿಯುಸಿಯಲ್ಲಿ ಓದಿದ ಹುಕ್‌ನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ! ಈ ದುಡಿಮೆಗೆಂದೇ ಇರುವ ಗ್ರಾಫಿಕ್ಸ್ ಪ್ರೊಸೆಸರ್ ಸಮರ್ಥವಾಗಿದ್ದರೆ ಸರಿ, ಇಲ್ಲವಾದರೆ ಹೊರೆಯೆಲ್ಲ ಮುಖ್ಯ ಪ್ರೊಸೆಸರ್ ಮೇಲೆ ಬೀಳುತ್ತದೆ. ನಮ್ಮ ಯಂತ್ರ ಏದುಸಿರು ಬಿಡುತ್ತ ಸೆಕೆಂಡಿಗೆ 20 ಚಿತ್ರಗಳನ್ನಷ್ಟೇ ಬಿಡಿಸುತ್ತಿತ್ತು.

ಅದೂ ದೊಡ್ಡ ಕೇಡಲ್ಲ. ತಿಳಿದವರು ಬರೆದ ಪ್ರೋಗ್ರಾಂ ‘ಎಷ್ಟು ಹೊತ್ತು ಕಳೆಯಿತು’ ಎಂದು ಗಡಿಯಾರವನ್ನು ಕೇಳಿ, ಯಂತ್ರ ಹಿಂದೆ ಬಿದ್ದಿದ್ದರೆ ನಡುವಿನ ಚಿತ್ರಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ನಮ್ಮದು ಚಿತ್ರಗಳನ್ನು ಎಣಿಸುತ್ತಿತ್ತು. 48 ಚಿತ್ರಗಳು ಮುಗಿಯದೆ ಕುಣಿತ ನಿಲ್ಲದು, ಕುಣಿತ ನಿಲ್ಲದೆ ಕೀಲಿಮಣೆ ಮಾತು ಕೇಳದು. ಬರೆದವನ ಯಂತ್ರದಲ್ಲಿ ಇದು 0.8 ಸೆಕೆಂಡಿನ ಬೆಡಗು. ನಮ್ಮಲ್ಲಿ 2.4 ಸೆಕೆಂಡಿನ ಕಾಯುವಿಕೆ. ಒಂದು ರಸೀದಿಗೆ ನಾಲ್ಕು ವಿಂಡೋ, ಅಂದರೆ 9.6 ಸೆಕೆಂಡ್. ದಟ್ಟಣೆಯ ದಿನ 150 ಸದಸ್ಯರು ಬರುತ್ತಾರೆ. ಒಟ್ಟು 24 ನಿಮಿಷ.

ಆ 24 ನಿಮಿಷಗಳನ್ನೇ ನಾನು ಆಕೆಯ ಜಡತ್ವವೆಂದು ದಾಖಲಿಸಿದ್ದೆ. ಆಕೆ ಏಕೆ ಹೇಳಲಿಲ್ಲ ಎಂದರೆ, ಹೊಸ ತಂತ್ರಾಂಶಗಳು ಇರುವುದೇ ಹೀಗೆ ಎಂದುಕೊಂಡಿದ್ದರಂತೆ.

ನಾನು ಅಲಂಕಾರದ ವಿರೋಧಿಯಲ್ಲ. ಪರದೆಯ ಮೇಲಿನ ಚಲನೆಗೆ ಅರ್ಥವಿರಬಲ್ಲದು. 1993ರಲ್ಲೇ ಬೇ-ವೇ ಚಾಂಗ್ ಮತ್ತು ಡೇವಿಡ್ ಉಂಗರ್ ಎಂಬ ಸಂಶೋಧಕರು ಕಾರ್ಟೂನ್ ಚಿತ್ರಗಳ ತಂತ್ರಗಳನ್ನು ಕಂಪ್ಯೂಟರ್ ಪರದೆಗೆ ಅಳವಡಿಸುವ ಬಗೆಯನ್ನು ಪ್ರಬಂಧವೊಂದರಲ್ಲಿ ತೋರಿಸಿದ್ದರು. ವಸ್ತುವೊಂದು ಥಟ್ಟನೆ ಮಾಯವಾದರೆ ಅದು ಎಲ್ಲಿ ಹೋಯಿತೆಂದು ಕಣ್ಣು ಹುಡುಕುತ್ತದೆ, ಜಾರಿಕೊಂಡು ಹೋದರೆ ಹಿಂಬಾಲಿಸುತ್ತದೆ. ಆ್ಯಪಲ್ ಸಂಸ್ಥೆ 2000ದಲ್ಲಿ ಪ್ರದರ್ಶಿಸಿದ, ದೀಪದೊಳಗೆ ನುಸುಳುವ ಭೂತದಂತೆ ಕೆಳಗಿನ ಪಟ್ಟಿಗೆ ಇಳಿದುಹೋಗುವ ವಿಂಡೋ ಬೆಡಗೂ ಹೌದು, ದಾರಿ ತೋರುವ ಕೈಮರವೂ ಹೌದು. ಕರಾವಳಿಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಯಕ್ಷಗಾನದ ಒಡ್ಡೋಲಗಗಳನ್ನು ನಿದ್ದೆಗೆಟ್ಟು ನೋಡಿದ್ದೇನೆ. ತೆರೆಯ ಹಿಂದಿನ ಆ ಕುಣಿತ ಬರುತ್ತಿರುವವರು ಯಾರೆಂದು ಸಾರುತ್ತದೆ. ಆದರೆ ಪಾತ್ರವು ರಂಗಕ್ಕೆ ಮರಳಿ ಬಂದಾಗಲೆಲ್ಲ ಒಡ್ಡೋಲಗ ನಡೆಯುವುದಿಲ್ಲ. ನಡೆದರೆ ಪ್ರಸಂಗ ಮುಗಿಯುವುದು ಯಾವಾಗ?

ಕೇವಲ ಮೋಜಿಗಾಗಿ ಮಾಡುವವರ ಬಗೆಗೂ ನನಗೆ ಗೌರವವಿದೆ. 2006ರಲ್ಲಿ ಲಿನಕ್ಸ್ ಬಳಗದಲ್ಲಿ ಹುಟ್ಟಿದ ‘ಕಾಂಪಿಜ್’ ತಂತ್ರಾಂಶ ತಿರುಗುವ ಘನಾಕೃತಿಯ ಪರದೆಯನ್ನೂ ಜೆಲ್ಲಿಯಂತೆ ಅದುರುವ ವಿಂಡೋಗಳನ್ನೂ ತಂದಿತು. ಮುಚ್ಚಿದ ವಿಂಡೋ ಕಾಗದದಂತೆ ಉರಿದುಹೋಗುವ ಚಮತ್ಕಾರವೂ ಬಂತು. ಎಷ್ಟೋ ಹುಡುಗರು ಗ್ರಾಫಿಕ್ಸ್ ಪ್ರೋಗ್ರಾಮಿಂಗಿನ ಮೊದಲ ಪಾಠ ಕಲಿಯುವುದು ಇಂಥ ಆಟಗಳಲ್ಲಿಯೇ. ನಮ್ಮ ಹುಡುಗಿಯೂ ತನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಗಳನ್ನು ಸುಟ್ಟು ಬೂದಿ ಮಾಡುತ್ತಾಳೆ. ಮಾಡಲಿ. ಯಂತ್ರ ಅವಳದು, ಸಮಯ ಅವಳದು, ಬೇಡವೆನಿಸಿದಾಗ ನಿಲ್ಲಿಸುವ ಗುಂಡಿಯೂ ಅವಳ ಕೈಯಲ್ಲೇ ಇದೆ.

ಕೌಂಟರಿನ ಮುಂದೆ ಕುಳಿತವರಿಗೆ ಈ ಮೂರೂ ಇಲ್ಲ. ಒಬ್ಬರ ನಿರ್ಧಾರದ ವೆಚ್ಚ ಆ ನಿರ್ಧಾರದಲ್ಲಿ ಪಾಲಿಲ್ಲದವರ ಮೇಲೆ ಬೀಳುವುದನ್ನು ಪಿಗೂ 1920ರಲ್ಲೇ ವಿಶ್ಲೇಷಿಸಿದ್ದರು. ಎಂ.ಎ. ತರಗತಿಯಲ್ಲಿ ನಾವು ಓದಿದ್ದು ಕಾರ್ಖಾನೆಯ ಹೊಗೆಯ ಉದಾಹರಣೆ. ವಿಂಡೋದ ಕುಣಿತಕ್ಕೂ ಅದು ಸಲ್ಲುತ್ತದೆಂದು ಆಗ ಯಾರು ಎಣಿಸಿದ್ದರು? ತಂತ್ರಾಂಶ ಬರೆಯುವವನ ಬಳಿ ಹೊಸ ಯಂತ್ರ, ಕೊಳ್ಳುವ ಸಮಿತಿಗೆ ಹತ್ತು ನಿಮಿಷದ ಪ್ರಾತ್ಯಕ್ಷಿಕೆ, ದಿನವಿಡೀ ಬಳಸುವವರಿಗೆ ಮಾತ್ರ ವೋಟಿಲ್ಲ. ಹೀಗಿರುವಾಗ ಬೆಡಗು ಹೆಚ್ಚುತ್ತಲೇ ಹೋಗುವುದು ಸಹಜ.

ದೊಡ್ಡವರ ಮಟ್ಟದಲ್ಲೂ ಇದು ನಡೆದಿದೆ. 2006ರಲ್ಲಿ ಅಮೆರಿಕದಲ್ಲಿ ‘ವಿಸ್ಟಾ ಕೇಪಬಲ್’ ಎಂಬ ಚೀಟಿ ಅಂಟಿಸಿ ಮಾರಿದ ಕೆಲವು ಕಂಪ್ಯೂಟರುಗಳಲ್ಲಿ, ಮರುವರ್ಷ ವಿಸ್ಟಾ ಬಂದಾಗ, ಅದರ ಹೆಗ್ಗಳಿಕೆಯಾಗಿದ್ದ ಗಾಜಿನಂಥ ‘ಏರೋ’ ವಿಂಡೋಗಳು ಮೂಡಲೇ ಇಲ್ಲ. ಗ್ರಾಹಕರು ಸಿಯಾಟಲ್‌ನ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಆ ಮೊಕದ್ದಮೆ ಸಾಮೂಹಿಕ ದಾವೆಯ ಮಾನ್ಯತೆಯನ್ನು ಕಳೆದುಕೊಂಡಿತು. 2012ರ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ಆ ಗಾಜನ್ನೇ ಕಳಚಿತು. 2025ರಲ್ಲಿ ಆ್ಯಪಲ್ ‘ಲಿಕ್ವಿಡ್ ಗ್ಲಾಸ್’ ಹೆಸರಿನಲ್ಲಿ ಮತ್ತೆ ಗಾಜು ತಂದಿದೆ. ಫ್ಯಾಷನ್ನಿನ ಚಕ್ರ ಪಂಚೆ-ಸೀರೆಗಳ ಅಂಚಿಗಷ್ಟೇ ಮೀಸಲಲ್ಲ.

ಸಮಯಕ್ಕಿಂತ ಗಂಭೀರವಾದದ್ದು ದೇಹದ ಮಾತು. ಒಳಕಿವಿಯ ತೊಂದರೆಯಿಂದ ನನಗೆ ಆಗಾಗ ತಲೆಸುತ್ತು ಬರುವುದುಂಟು. ಅಂಥ ದಿನ ಆ ಬಳುಕುವ ವಿಂಡೋಗಳನ್ನು ಐದು ನಿಮಿಷ ನೋಡಿದರೆ ಹೊಟ್ಟೆ ತೊಳಸುತ್ತದೆ. ಇದು ನನ್ನೊಬ್ಬನ ಪಾಡಲ್ಲ. 2013ರಲ್ಲಿ ಐಫೋನಿನ ಐಒಎಸ್ 7 ಬಂದಾಗ ಅದರ ಚಲನೆಗಳಿಂದ ವಾಕರಿಕೆಯಾಗುತ್ತದೆಂದು ಹಲವರು ದೂರಿದ್ದರು. ಕೆಲವೇ ವಾರಗಳಲ್ಲಿ ಆ ಚಲನೆಗಳನ್ನು ತಗ್ಗಿಸುವ ಅನುಕೂಲವನ್ನು ಕಂಪನಿ ವಿಸ್ತರಿಸಬೇಕಾಯಿತು. ಇಂದು ವಿಂಡೋಸ್, ಮ್ಯಾಕ್ ಎರಡರಲ್ಲೂ ಚಲನೆಯನ್ನು ನಿಲ್ಲಿಸುವ ಇಲ್ಲವೇ ತಗ್ಗಿಸುವ ಸ್ವಿಚ್ ಇದೆ. ‘ಈ ಬಳಕೆದಾರರು ಚಲನೆ ಬೇಡವೆಂದಿದ್ದಾರೆಯೇ’ ಎಂದು ತಂತ್ರಾಂಶವು ವ್ಯವಸ್ಥೆಯನ್ನು ಕೇಳಬಹುದು. ಅದಕ್ಕೆ ಬೇಕಾಗುವುದು ಕೆಲವೇ ಸಾಲುಗಳ ಪ್ರೋಗ್ರಾಂ. ನಮ್ಮ ಸಂಘದ ತಂತ್ರಾಂಶ ಕೇಳುತ್ತಿರಲಿಲ್ಲ.

ಸಾರ್ವಜನಿಕರ ಹಣದಿಂದ, ಸದಸ್ಯರ ಹಣದಿಂದ ತಂತ್ರಾಂಶ ಕೊಳ್ಳುವ ಸಂಸ್ಥೆಗಳು ಆ ಪ್ರಶ್ನೆಯನ್ನು ಕೇಳುವುದನ್ನು ಟೆಂಡರಿನ ಷರತ್ತಾಗಿಸಬೇಕು. ಚಲನೆ ಮುಗಿಯುವವರೆಗೆ ಕೀಲಿಮಣೆಯನ್ನು ತಡೆಹಿಡಿಯುವ ತಂತ್ರಾಂಶವನ್ನು ಒಪ್ಪಲೇಬಾರದು. ಎಲ್ಲಕ್ಕೂ ಮೊದಲು, ಪ್ರಾತ್ಯಕ್ಷಿಕೆ ನಡೆಯಬೇಕಾದದ್ದು ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಲ್ಲ, ಕೌಂಟರಿನ ಹಳೆಯ ಯಂತ್ರದಲ್ಲಿ, ಅಲ್ಲಿ ಕುಳಿತು ದುಡಿಯುವವರ ಕೈಯಲ್ಲಿ.

ಬಳುಕು ತೆಗೆಯಲು ಸರಬರಾಜುದಾರರು ಮೊದಲು ಪ್ರತ್ಯೇಕ ಶುಲ್ಕ ಕೇಳಿದರು. ನಾಲ್ಕು ಪತ್ರಗಳ ಅನಂತರ ಹೊಸ ಆವೃತ್ತಿಯಲ್ಲಿ ಸ್ವಿಚ್ ಕೊಟ್ಟರು. ಸೂಚನೆಯನ್ನು ಹಿಂಪಡೆಯುವ ನಿರ್ಣಯದ ಕರಡನ್ನೂ ನಾನೇ ಬರೆದೆ. ಅದರ ಪ್ರತಿಗೆ ಆಕೆ ಏನೂ ಹೇಳದೆ ಸಹಿ ಹಾಕಿದರು. ಈಗ ಆಕೆಯ ಪರದೆಯಲ್ಲಿ ವಿಂಡೋಗಳು ಸುಮ್ಮನೆ ತೆರೆದುಕೊಳ್ಳುತ್ತವೆ. ಒಂದು ಚಲನೆಯನ್ನು ಮಾತ್ರ ಇರಲಿ ಎಂದಿದ್ದಾರೆ: ರಸೀದಿ ಮುದ್ರಣವಾದೊಡನೆ ಮೂಲೆಯಲ್ಲಿ ಒಮ್ಮೆ ಮಿನುಗುವ ಹಸಿರು ಗುರುತು. ಅದಿದ್ದರೆ ಪ್ರತಿ ಸಲ ಕತ್ತು ತಿರುಗಿಸಿ ಪ್ರಿಂಟರ್ ನೋಡಬೇಕಾಗಿಲ್ಲವಂತೆ.