ಲೆಕ್ಕದ ಕಟ್ಟಿ: ಆಕೃತಿ ಸರಿಸೋದನ್ನ ಮೊದಲು ನೆಲದ ಮ್ಯಾಲ ಕಲಿಸ್ರಿ

(1/3)
“ಐದನೇ ತರಗತಿ ಮಕ್ಕಳಿಗೆ ಗ್ರಾಫ್ ಯಾಕ್ರೀ? ಅದು ಹೈಸ್ಕೂಲಿನ ವಿಷಯ.” ಈ ಮಾತು ನೀವೂ ಕೇಳಿರ್ತೀರಿ. ನಾನು ಒಪ್ಪಲ್ಲ. ಯಾಕಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದ್ರಿ.

ನಮ್ಮಲ್ಲಿ 9ನೇ ತರಗತಿಯಲ್ಲಿ ‘ನಿರ್ದೇಶಾಂಕ ರೇಖಾಗಣಿತ’ ಪಾಠ ಬರ್ತದ. 10ಕ್ಕೆ ಬಂದ ಕೂಡಲೇ ಎರಡು ಬಿಂದುಗಳ ನಡುವಿನ ದೂರದ ಸೂತ್ರ. ಅಂದ್ರ ಬಿಂದು ಅಂದ್ರೇನು ಅಂತ ಕೈಗೆ ಹತ್ತೋ ಮೊದಲೇ ಸೂತ್ರ ಬಾಯಿಪಾಠ ಆಗಬೇಕು. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮ ನೋಡ್ರಿ: 8-9 ವಯಸ್ಸಿನ ಮಕ್ಕಳೇ ಚೌಕಳಿ ಮ್ಯಾಲ ಎಡಕ್ಕ-ಬಲಕ್ಕ, ಮ್ಯಾಲ-ಕೆಳಗ ಸರಿಸೋದು ಕಲೀತಾರ. ಋಣ ಸಂಖ್ಯೆ ಇರೋ ನಾಲ್ಕೂ ಪಾದಗಳು ಬರೋದು 10-11ನೇ ವಯಸ್ಸಿಗೆ. ನಿಧಾನಕ್ಕೆ, ಮೆಟ್ಟಿಲು ಮೆಟ್ಟಿಲು.

2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ ಸ್ಥಾನದಾಗ ಇತ್ತು. ಆಕೃತಿ ಸರಿಸೋದು ಕಲಿಸಿದ್ರ ಫಲಿತಾಂಶ ಏರ್ತದ ಅಂತ ನಾನು ಹೇಳಲ್ಲ. ಆದ್ರ ಫಲಿತಾಂಶ ಬಂದಾಗೊಮ್ಮೆ ಹತ್ತನೇ ತರಗತಿ ಮಾಸ್ತರ್ರನ್ನ ಬೈಯೋದು ಬಿಟ್ಟು, ನಾಲ್ಕು-ಐದನೇ ತರಗತಿಯಲ್ಲಿ ಏನು ಬಿಟ್ಟುಹೋಗ್ಯದ ಅಂತ ನೋಡಬೇಕಲ್ರಿ?

(2/3)
ಈಗ ವಿಷಯಕ್ಕ ಬರೋಣ. ಸರಿಸೋದು ಅಂದ್ರ ಆಕೃತಿ ತಿರುಗಬಾರದು, ಮಗುಚಬಾರದು, ಸಣ್ಣ-ದೊಡ್ಡ ಆಗಬಾರದು. ಬರೀ ಜಾಗ ಬದಲು.

ಒಂದು ತ್ರಿಕೋನ ತೊಗೊಳ್ರಿ. ಮೂಲೆಗಳು (1, 1), (4, 1), (1, 3). ಬಲಕ್ಕ 5, ಮ್ಯಾಲ 2 ಸರಿಸಬೇಕು. ಉತ್ತರ (6, 3), (9, 3), (6, 5). ಆದ್ರ ಮಕ್ಕಳ ಪಾಟಿ ಮ್ಯಾಲ ಮೂರು ಥರದ ತಪ್ಪು ಕಾಣ್ತಾವ:

▪️ ತ್ರಿಕೋನದ ಎಡ ಅಂಚು 9ಕ್ಕೆ ಹೋಗ್ಯದ. ಅಂದ್ರ ಮಗು ಎರಡು ಆಕೃತಿಗಳ ನಡುವಿನ ಖಾಲಿ ಜಾಗ 5 ಎಣಿಸ್ಯದ. ಮೂಲೆ ಮಾತ್ರ 8 ಸರಿದದ. ಹೆಚ್ಚಾದ ಆ 3 ಎಲ್ಲಿಂದ ಬಂತು? ಅದು ತ್ರಿಕೋನದ್ದೇ ಅಗಲ!

▪️ ಎಡ ಅಂಚು 5ರಲ್ಲೇ ನಿಂತದ. ಮಗು ನಿಂತ ಚುಕ್ಕೀನೇ ‘ಒಂದು’ ಅಂತ ಎಣಿಸ್ಯದ. ಹಾವು-ಏಣಿ ಆಡುವಾಗ ಇದೇ ಮಗು ನಿಂತ ಮನಿ ಎಣಿಸಲ್ಲ. ಅದನ್ನ ನೆನಪಿಸಿದ್ರ ಸಾಕು.

▪️ ಬಲಕ್ಕ 2, ಮ್ಯಾಲ 5 ಹೋಗ್ಯದ. ಯಾವುದು ಮೊದಲು ಅನ್ನೋದು ಅದಲು-ಬದಲು.

ಮೂರಕ್ಕೂ ಕೆಂಪು ಪೆನ್ನಿನಿಂದ ಒಂದೇ ‘ತಪ್ಪು’ ಗುರುತು ಹಾಕಿದ್ರ ಮಗುವಿಗೆ ಏನು ತಿಳೀತದ ಹೇಳ್ರಿ? ತಪ್ಪು ಉತ್ತರದ ಅಂಕಿಯೇ ಮಗು ಹ್ಯಾಂಗ ಯೋಚನೆ ಮಾಡ್ತು ಅಂತ ಹೇಳ್ತದ. ನಾವು ಓದಬೇಕು ಅಷ್ಟೇ.

ಅದಕ್ಕೇ ನನ್ನ ತಕರಾರು ಇರೋದು “ಮೊದಲನೇ ಅಂಕಿಗೆ 5 ಕೂಡಿಸು, ಎರಡನೇದಕ್ಕ 2 ಕೂಡಿಸು” ಅನ್ನೋ ಶಾರ್ಟ್‌ಕಟ್ ಮ್ಯಾಲ. ಸೂತ್ರ ತಪ್ಪಲ್ಲ, ಹೇಳೋ ಹೊತ್ತು ತಪ್ಪು. ಮೊದಲ ದಿನವೇ ಹೇಳಿದ್ರ ಮಗು ಬರೀ ಕೂಡಿಸ್ತದ, ಆಕೃತಿ ಕಡೆ ನೋಡೋದೇ ಇಲ್ಲ. ನಾಲ್ಕು ಸಲ ಕೈಯಿಂದ ಸರಿಸಿದ ಮ್ಯಾಲ ಅದೇ ಮಗು “ಸರ್, ಬರೀ ಕೂಡಿಸಿದ್ರ ಆಗ್ತದಲ್ಲ!” ಅಂದ್ರ, ಅದು ಅದರ ಸ್ವಂತ ಸೂತ್ರ.

(3/3)
“ಗ್ರಾಫ್ ಹಾಳೆಗೆ ದುಡ್ಡು ಎಲ್ಲಿಂದ್ರೀ? ಒಂದೇ ಕೋಣೆಯಲ್ಲಿ ಎರಡು ತರಗತಿ ಕೂಡ್ತಾವ.” ಈ ಕಷ್ಟ ಖರೇನೇ. ಆದ್ರ ಇದಕ್ಕ ಹಾಳೆ ಬೇಕಾಗಿಲ್ಲ. ಅಂಗಳ ಮತ್ತು ಸುಣ್ಣದ ಕಡ್ಡಿ ಸಾಕು.

ಚುಕ್ಕಿ ರಂಗೋಲಿ ಗೊತ್ತಿಲ್ಲದ ಮಗು ನಮ್ಮ ಕಡೆ ಯಾವುದದ? ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಡಿಸ್ರಿ. ಎಡ ಕೆಳಗಿನ ಮೂಲೆ ಚುಕ್ಕಿ ಸೊನ್ನೆ-ಸೊನ್ನೆ. ಮೂರು ಮಕ್ಕಳನ್ನ ಮೂರು ಚುಕ್ಕಿ ಮ್ಯಾಲ ನಿಲ್ಲಿಸಿ ಕೈಗೆ ಹಗ್ಗ ಕೊಡ್ರಿ, ತ್ರಿಕೋನ ಆಯ್ತು. “ಎಲ್ಲರೂ ಬಲಕ್ಕ 5” ಅಂದ್ರ ಎಲ್ಲರೂ ಐದೇ ಹೆಜ್ಜಿ ಇಡಬೇಕು. ಒಬ್ಬ ನಾಲ್ಕೇ ಇಟ್ಟ ಅಂದ್ರ ಹಗ್ಗ ವಾರೆ ಆಗ್ತದ, ತಪ್ಪು ತಾನೇ ಕಾಣ್ತದ. ನಿರ್ದೇಶಾಂಕ ಹೇಳೋದು ಚುಕ್ಕಿಯ ಹೆಸರು, ಚೌಕದ್ದಲ್ಲ ಅನ್ನೋದೂ ಇಲ್ಲೇ ತಿಳೀತದ.

ಒಂದು ಎಚ್ಚರಿಕೆ: ನೆಲದ ಮ್ಯಾಲ ‘ಮ್ಯಾಲ’ ಅಂದ್ರ ಯಾವ ಕಡೆ? ಎದುರು-ಬದರು ನಿಂತ ಮಕ್ಕಳಿಗೆ ಎಡ-ಬಲ ಅದಲು-ಬದಲು ಆಗ್ತದ. ಎಲ್ಲರನ್ನೂ ಒಂದೇ ದಿಕ್ಕಿಗೆ ಮುಖ ಮಾಡಿಸಿ, ಎದುರಿನ ಕಡೆಗೆ ‘ಮ್ಯಾಲ’ ಅಂತ ಬರೀರಿ. ಆಮ್ಯಾಲ ಅದನ್ನೇ ಪಾಟಿಗೆ, ಕೊನೆಗೆ ಬೋರ್ಡಿಗೆ.

ಕಮಲಾಪುರದ ಮಕ್ಕಳಿಗಂತೂ ಚೌಕಳಿ ಹೊಲದಲ್ಲೇ ಅದ. ಜಿಐ ಪಡೆದ ಕೆಂಪು ಬಾಳೆಯ ಊರು ಅದು. ಎಷ್ಟನೇ ಸಾಲು, ಸಾಲಿನಾಗ ಎಷ್ಟನೇ ಗಿಡ: ಈ ಎರಡು ಅಂಕಿ ಹೇಳಿದ್ರ ಗಿಡ ಸಿಕ್ತದ. ಕಲಬುರಗಿ ಸಿಟಿ ಮಕ್ಕಳನ್ನ ಕೋಟೆಯೊಳಗಿನ ಜಾಮಿ ಮಸೀದಿಗೆ ಕರ್ಕೊಂಡು ಹೋಗ್ರಿ. 1367ರ ಕಟ್ಟಡ. ಒಂದು ಕಮಾನು ನೋಡಿ, ಅದನ್ನೇ ಪಕ್ಕಕ್ಕ ಸರಿಸಿದ್ರ ಮುಂದಿನದು, ಇನ್ನೂ ಸರಿಸಿದ್ರ ಅದರ ಮುಂದಿನದು. ಗಣಿತ ಅಲ್ಲೇ ಸಾಲಾಗಿ ನಿಂತದ.

ಹಿಂದುಳಿದ ಭಾಗ ಅಂತ ಕೇಳಿ ಕೇಳಿ ನಮ್ಮ ಮಕ್ಕಳಿಗೆ ಸಾಕಾಗ್ಯದ. ಅವರಿಗೆ ಗ್ರಾಫ್ ಬರಲ್ಲ ಅಂತ ನಾವೇ ಮೊದಲೇ ತೀರ್ಮಾನ ಮಾಡೋದು ಬ್ಯಾಡ. ಒಂದು ವಾರ ಕೊಡ್ರಿ, ದಿನಕ್ಕ ಅರ್ಧ ತಾಸು.

ನಿಮ್ಮ ಶಾಲಿಯಲ್ಲಿ ಮಾಡಿ ನೋಡಿದ್ರ, ಮಕ್ಕಳು ಮೇಲಿನ ಮೂರರಲ್ಲಿ ಯಾವ ತಪ್ಪು ಹೆಚ್ಚು ಮಾಡಿದ್ರು ಅಂತ ಕಾಮೆಂಟಿನಾಗ ಬರೀರಿ. ನಾಲ್ಕು-ಐದನೇ ತರಗತಿಗೆ ಕಲಿಸೋ ಒಬ್ಬರಿಗಾದ್ರೂ ಶೇರ್ ಮಾಡ್ರಿ.

#ಲೆಕ್ಕದಕಟ್ಟಿ #ಕಲಬುರಗಿ #ಕಮಲಾಪುರ #ಸರ್ಕಾರಿಶಾಲೆ #ಗಣಿತ