ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣು

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದವನು ನಾನು. ಈಗ ಒಂದು ಗಾದೆಯೊಡನೆಯೇ ಜಗಳಕ್ಕೆ ನಿಂತಿದ್ದೇನೆ.

ತಾವರಗೇರಾದ ಹತ್ತಿರ ಹಳ್ಳದಲ್ಲಿ, ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ತೊಳೆಯುತ್ತಿದ್ದ ಹಿರಿಯರೊಬ್ಬರನ್ನು ತಡೆದೆ. "ಇಷ್ಟರಿಂದ ಏನಾಗ್ತೈತ್ರಿ ಮಾಸ್ತರ? ಹೊಳ್ಯಾಗ ಹುಣಸಿಹಣ್ಣು ಕಿವುಚಿದಂಗ!" ಎಂದು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಡಬ್ಬಿಯಲ್ಲಿದ್ದುದು ಬೇಗ ಕೊಳೆಯುವ ಔಷಧಿಯೇ ಇರಬಹುದು. ಆದರೆ ಓದಿದವರೂ ಇದೇ ಮಾತನ್ನು ಠೀವಿಯಿಂದ ಆಡುತ್ತಾರಲ್ಲ, ನನ್ನ ತಕರಾರು ಅವರೊಡನೆ. ನಮ್ಮ ನೀರು ಕೊನೆಗೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಅಲ್ಲಿ ಎಲ್ಲವೂ ಮಾಯ ಎಂಬುದು ಅವರ ಗಣಿತ.

ಮಾಯವಾಗುವುದಿಲ್ಲ. ನನ್ನ ಬಾಲ್ಯದಲ್ಲಿ ಬಿ.ಎಚ್.ಸಿ. ಪುಡಿಯನ್ನು ಬೆಳೆಗೂ ಇರುವೆಗೂ ಧಾರಾಳವಾಗಿ ಎರಚುತ್ತಿದ್ದರು. 1997ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅದು ಹಲವು ರೂಪಗಳ ಬೆರಕೆ. ಏಷ್ಯದ ಹೊಲಗಳಲ್ಲಿ ಬಿದ್ದ ಪುಡಿಯ ಆಲ್ಫಾ ರೂಪ ಗಾಳಿಯನ್ನೇರಿ ಬೇಗನೆ ಉತ್ತರಧ್ರುವದ ಸಮುದ್ರ ಸೇರಿತು. ಬೀಟಾ ರೂಪಕ್ಕೆ ಹಾರುವ ಚಪಲ ಕಡಿಮೆ. ಅದು ಮಳೆಯೊಡನೆ ಉತ್ತರ ಪೆಸಿಫಿಕ್ಕಿಗಿಳಿದು, ಸಾಗರಪ್ರವಾಹದ ಜೊತೆ ಬೇರಿಂಗ್ ಜಲಸಂಧಿಯನ್ನು ದಾಟಿ, ತಡವಾಗಿ ಅಲ್ಲಿಗೇ ಹೋಯಿತು. ಇಂಥ ದಾರಿಗಳನ್ನು ತಿಳಿಯಲು ವಿಜ್ಞಾನಿಗಳು ಸಮುದ್ರವನ್ನು ಚೌಕಗಳಾಗಿ ಹೋಳುಮಾಡಿ, ಪ್ರತಿ ಚೌಕಕ್ಕೂ ಗಾಳಿಯಿಂದ ಬಂದದ್ದೆಷ್ಟು, ಆವಿಯಾದದ್ದೆಷ್ಟು, ತಳಕ್ಕಿಳಿದದ್ದೆಷ್ಟು ಎಂದು ಶೆಟ್ಟರ ಅಂಗಡಿಯ ಹಾಗೆ ಜಮಾಖರ್ಚು ಬರೆಯುತ್ತಾರೆ. "ಅದು ಬರಿಯ ಲೆಕ್ಕ" ಎಂದು ಮೂಗು ಮುರಿಯುವವರುಂಟು. ಗ್ರಹಣದ ಪಂಚಾಂಗವೂ ಬರಿಯ ಲೆಕ್ಕವೇ. ಅದನ್ನು ನಂಬಿ ಊಟ ಬಿಟ್ಟು ಕೂಡುತ್ತೇವಲ್ಲ!

ಇನ್ನು ಗಾದೆ ಎಡವಿದ್ದೆಲ್ಲಿ? ಹುಣಸೆಹುಳಿ ನೀರಿನಲ್ಲಿ ಕರಗಿ ತೆಳುವಾಗುತ್ತದೆ. ಈ ವಿಷಗಳು ನೀರನ್ನೊಲ್ಲದೆ ಕೊಬ್ಬನ್ನು ಹುಡುಕುತ್ತವೆ. ಮೀನಿನಿಂದ ಸೀಲಿಗೆ, ಸೀಲಿನಿಂದ ಮನುಷ್ಯನಿಗೆ ಏರುತ್ತ ದಟ್ಟವಾಗುತ್ತವೆ. 1980ರ ದಶಕದ ಕೊನೆಗೆ ಕೆನಡಾದ ಉತ್ತರ ಕ್ವಿಬೆಕ್ಕಿನ ಇನ್ಯೂಟ್ ತಾಯಂದಿರ ಎದೆಹಾಲಿನಲ್ಲಿ ಪಿ.ಸಿ.ಬಿ. ಎಂಬ ಇಂಥದೇ ವಿಷ, ಅದೇ ಪ್ರಾಂತದ ದಕ್ಷಿಣದ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚು ಕಂಡುಬಂತು. ಕಾರ್ಖಾನೆಗಳಿಂದ ಬಹುದೂರ, ಬೇಟೆಯಾಡಿ ಬದುಕುವ ಜನ ಅವರು.

ದೂರದವರ ಮಾತೇಕೆ? ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ನಡುವಿನ ವರ್ಷಗಳು ಕಳೆದದ್ದು ವಾದದಲ್ಲಿ.

ಜಮಾಖರ್ಚಿಗೆ ಮೊದಲ ಕಲಮು ಬೇಕು: ಎಲ್ಲಿ, ಯಾವುದು, ಎಷ್ಟು ಬಿತ್ತು? ಅದಿಲ್ಲದೆ ಎಂಥ ಪಂಡಿತನ ಲೆಕ್ಕವೂ ಕುಂಟುತ್ತದೆ. ಔಷಧಿ ಅಂಗಡಿಗಳಲ್ಲಿ ದಾಸ್ತಾನು ಪುಸ್ತಕಗಳಿರುತ್ತವೆ. ಕುಷ್ಟಗಿ ತಾಲ್ಲೂಕಿನ ಪುಸ್ತಕಗಳನ್ನೆಲ್ಲ ಊರುವಾರು ಕೂಡಿಸಿ, ವರ್ಷಕ್ಕೊಮ್ಮೆ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಆ ಹಿರಿಯರಿಗೆ ಓದಿಹೇಳುವ ಕೆಲಸ ನನಗಿರಲಿ.